ಬಿದ್ರಿಯ ಬೆಳ್ಳಿ ತಂತಿ ಮಸುಕಾಗದಂತೆ ವಿಡಿಯೊ ಗಾತ್ರ ಇಳಿಸುವುದು: ದೋಷ ಹುಡುಕುವ ಬಗೆ

ಬೀದರ್‌ನ ಒಬ್ಬ ಬಿದ್ರಿ ಉಸ್ತಾದರ ಕೆಲಸವನ್ನು ಮೊದಲಿಂದ ಕೊನೆವರೆಗೆ ಚಿತ್ರೀಕರಿಸಿದ್ದೆ. ಸತು, ತಾಮ್ರ ಕರಗಿಸಿ ಎರಕ ಹೊಯ್ಯುವುದು, ಅರದಿಂದ ತಿಕ್ಕಿ ನುಣುಪು ಮಾಡುವುದು, ಮೈಲುತುತ್ತದ ನೀರು ಸವರಿ ಕಪ್ಪಾದ ಮೈಮೇಲೆ ಉಳಿಯಿಂದ ಬಳ್ಳಿ ಕೊರೆಯುವುದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುವುದು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಲೋಹವೆಲ್ಲ ಕಡುಗಪ್ಪಾಗಿ ಬೆಳ್ಳಿಯೊಂದೇ ಬೆಳ್ಳಗೆ ಉಳಿಯುತ್ತದೆ. ಆ ಕ್ಷಣಕ್ಕಾಗಿಯೇ ಇಡೀ ಚಿತ್ರ ಮಾಡಿದ್ದು. ಒಟ್ಟು 38 ನಿಮಿಷ, 4ಕೆ, ಫೈಲ್ ಗಾತ್ರ 28.5 ಜಿಬಿ.

ಉಸ್ತಾದರಿಗೆ ಅದು ಪೆನ್‌ಡ್ರೈವ್‌ನಲ್ಲಿ ಬೇಕಿತ್ತು. ಪ್ರದರ್ಶನದ ಮಳಿಗೆಯಲ್ಲಿ ಟಿವಿ ಇಟ್ಟು ತೋರಿಸಬೇಕಂತೆ. ಅವಸರದಲ್ಲಿ ಒಂದು ಉಚಿತ ಪರಿವರ್ತಕ ಇಳಿಸಿಕೊಂಡೆ. ಅದು "ಎಷ್ಟು ಎಂಬಿ ಬೇಕು?" ಎಂದು ಕೇಳಿತು, ನಾನು 400 ಎಂದು ಕೊಟ್ಟೆ. ನನ್ನ ಫೋನಿನಲ್ಲಿ ನೋಡಿದಾಗ ಚೆನ್ನಾಗಿಯೇ ಇತ್ತು. ಅವರ ಮನೆಯ ಟಿವಿಯಲ್ಲಿ ಹಾಕಿದ ಮೇಲೆ ಉಸ್ತಾದ್ ಚಾಚಾ ಎರಡು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ಬೇಟಾ, ನಾ ಇಷ್ಟು ಕರ್ರಗ ಮಾಡೀನಿ, ಇಲ್ಲಿ ಬೂದಿ ಬಣ್ಣದ ಚೌಕ ಚೌಕ ಕಾಣ್ಲತ್ತಾವ. ತಾರ್ ಅಂತೂ ಎಲ್ಲಿ ಹೋಯ್ತೋ ತಿಳೀವಲ್ದು" ಅಂದರು. ಅವರು ಮೂರು ವಾರ ಕೂತು ಬಡಿದ ತಂತಿ ಅದು. ಅದನ್ನು ನಾನು ಒಂದು ಗುಂಡಿ ಒತ್ತಿ ಅಳಿಸಿದ್ದೆ.

ಆಮೇಲೆ ಒಂದೊಂದಾಗಿ ಹುಡುಕಿ, ಯಾವ ದೋಷ ಎಲ್ಲಿಂದ ಬರುತ್ತದೆ ಎಂದು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಮದುವೆ, ಜಾತ್ರೆ, ಪಾಠ, ಯಾವ ವಿಡಿಯೊ ಇದ್ದರೂ ದಾರಿ ಇದೇ.

ಮೊದಲು ಬಿಟ್‌ರೇಟ್ ನೋಡಿ

ಫೈಲ್ ದೊಡ್ಡದಾಗಿರುವುದು ಚಿತ್ರ ಸ್ಪಷ್ಟವಾಗಿರುವುದರಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಗಾತ್ರವನ್ನು ತೀರ್ಮಾನಿಸುವುದು ಎರಡೇ: ಪ್ರತಿ ಸೆಕೆಂಡಿಗೆ ಎಷ್ಟು ಬಿಟ್ ಖರ್ಚಾಗಿದೆ (ಇದೇ ಬಿಟ್‌ರೇಟ್), ಒಟ್ಟು ಎಷ್ಟು ಸೆಕೆಂಡ್ ಇದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಒಂದು ಗಂಟೆ ಓಡಿದರೆ 450 ಎಂಬಿ. ಈ 450 ಒಂದನ್ನು ನೆನಪಿಟ್ಟುಕೊಂಡರೆ ಯಾವ ಫೈಲನ್ನಾದರೂ ಬಾಯಲ್ಲೇ ಲೆಕ್ಕ ಹಾಕಬಹುದು. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆದಿತ್ತು. ಗಂಟೆಗೆ 45 ಜಿಬಿ ಆಯಿತು, 38 ನಿಮಿಷಕ್ಕೆ 28.5. ನಾನು ಮಾಡಿದ 400 ಎಂಬಿಯ ಪ್ರತಿ? ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್. ನೂರು ಇದ್ದದ್ದನ್ನು ಒಂದೂವರೆಗೂ ಕೆಳಗೆ ತಂದಿದ್ದೆ.

ಇದನ್ನು ನೋಡಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ವಿಎಲ್‌ಸಿ ಇದ್ದರೆ ಟೂಲ್ಸ್ ಪಟ್ಟಿಯ ಕೋಡೆಕ್ ಇನ್ಫರ್ಮೇಶನ್ ತೆರೆಯಿರಿ. ಕೋಡೆಕ್ (ವಿಡಿಯೊವನ್ನು ಒತ್ತಿ ಬರೆಯುವ ವಿಧಾನ) ಯಾವುದು, ರೆಸಲ್ಯೂಶನ್ (ಚಿತ್ರದ ಚುಕ್ಕಿಗಳ ಲೆಕ್ಕ) ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ), ಬಿಟ್‌ರೇಟ್ ಎಷ್ಟು, ಧ್ವನಿ ಯಾವ ಬಗೆಯದು ಎಂಬ ಐದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮುಂದಿನ ಯಾವ ದೋಷಕ್ಕೂ ಈ ಚೀಟಿ ಬೇಕು.

ಚೀಟಿಯಲ್ಲಿ ಬಿಟ್‌ರೇಟ್ ಆಗಲೇ 1 ಅಥವಾ 2 ಮೆಗಾಬಿಟ್ ಇದ್ದರೆ, ಅದು ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ಆಗಿರುವ ಸಂಭವ ಹೆಚ್ಚು. ಅದನ್ನು ಮತ್ತೆ ಹಿಂಡಬೇಡಿ, ಅದರಲ್ಲಿ ರಸ ಉಳಿದಿಲ್ಲ. ತೆಗೆದವರ ಹತ್ತಿರ ಮೂಲ ಫೈಲ್ ಕೇಳಿ, ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಹಾಗೆ ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದಂತೆಯೇ ಬರುತ್ತದೆ. ಜಿಪ್ ಮಾಡಿದರೂ ಪ್ರಯೋಜನವಿಲ್ಲ. ವಿಡಿಯೊ ಫೈಲ್ ಮೊದಲೇ ಒತ್ತಿ ಕಟ್ಟಿದ ಮೂಟೆ.

ಕ್ಯಾಮೆರಾ ಯಾಕೆ ಅಷ್ಟು ಬಿಟ್ ಸುರಿಯುತ್ತದೆ

ಇದು ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ವಿಡಿಯೊ ಎಂದರೆ ಸಾಲಾಗಿ ಜೋಡಿಸಿದ ಫೋಟೋಗಳಲ್ಲ. ಕೋಡೆಕ್ ಒಂದು ಫ್ರೇಮನ್ನು ಪೂರ್ತಿ ಬರೆಯುತ್ತದೆ, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಉಸ್ತಾದರು ಕೂತ ಜಾಗ, ಹಿಂದಿನ ಗೋಡೆ, ಮುಂದಿನ ಒರಳಿನಂಥ ಕಲ್ಲು ಯಾವುದೂ ಅಲುಗುವುದಿಲ್ಲ. ಕೈ, ಉಳಿ, ಸುತ್ತಿಗೆ ಅಷ್ಟೇ ಓಡಾಡುತ್ತವೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು. ಇಂಥ ಚಿತ್ರಕ್ಕೆ ನಿಜವಾಗಿ ಬೇಕಾದ ಬಿಟ್ ಬಹಳ ಕಡಿಮೆ.

ಆದರೆ ಕ್ಯಾಮೆರಾಕ್ಕೆ ಮುಂದೇನಾಗುತ್ತದೆ ಎಂದು ಕಾದು ನೋಡುವ ಸಮಯ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಆಗಿಂದಾಗಲೇ ಬರೆದು ಮುಗಿಸಬೇಕು. ಅದಕ್ಕೇ ಎಲ್ಲಕ್ಕೂ ಧಾರಾಳವಾಗಿ ಬಿಟ್ ಹಂಚುತ್ತದೆ. ಕಂಪ್ಯೂಟರಿಗೆ ಅವಸರವಿಲ್ಲ, ಹಿಂದೆ ಮುಂದೆ ಹತ್ತಾರು ಫ್ರೇಮ್ ನೋಡಿ, ಎಲ್ಲಿ ಉಳಿಸಬಹುದು, ಎಲ್ಲಿ ಕೊಡಲೇಬೇಕು ಎಂದು ತೂಗಿ ಬರೆಯುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದಂತೆ ಫೈಲ್ ಇಳಿಯುವುದು ಈ ಅಂತರದಿಂದ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಗಾತ್ರ ಇಳಿಸಲು ವಿಡಿಯೊವನ್ನು ಮತ್ತೊಮ್ಮೆ ಎನ್‌ಕೋಡ್ ಮಾಡಿದಾಗಲೆಲ್ಲ, ಅಂದರೆ ಕೋಡೆಕ್‌ನಿಂದ ಹೊಸದಾಗಿ ಬರೆಸಿದಾಗಲೆಲ್ಲ, ಏನಾದರೂ ಹೋಗೇ ಹೋಗುತ್ತದೆ. ಹೋದದ್ದು ಕಣ್ಣಿಗೆ ಗೊತ್ತಾಗಬಾರದು ಅಷ್ಟೇ. ನಿಜಕ್ಕೂ ಒಂದು ಚೂರೂ ಹೋಗದ ದಾರಿ ಬೇಕೆಂದರೆ ಬೇಡವಾದ ಭಾಗ ಕತ್ತರಿಸುವುದು. ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶ ಮತ್ತೆ ಎನ್‌ಕೋಡ್ ಮಾಡದೆ ಕತ್ತರಿಸುತ್ತದೆ. ಆದರೆ ಪೂರ್ತಿ ಬರೆದ ಫ್ರೇಮ್ ಇರುವ ಜಾಗದಲ್ಲೇ ತುಂಡು ಶುರುವಾಗಬೇಕಾದ್ದರಿಂದ ಆರಂಭ ಒಂದೆರಡು ಸೆಕೆಂಡ್ ಆಚೀಚೆ ಆಗುತ್ತದೆ. ಮಾತು ಶುರುವಾಗುವ ಮುಂಚಿನ ಐದು ನಿಮಿಷದ ಚಹಾ, ಹರಟೆ ಎಲ್ಲ ಹೀಗೆ ತೆಗೆಯಬಹುದು.

ಚೌಕ ಚೌಕ ಕಾಣುತ್ತದೆ, ಸಣ್ಣ ಗೆರೆ ಮಾಯವಾಗಿದೆ

ನನ್ನ ತಪ್ಪು ಇದೇ. ಪರಿವರ್ತಕ ಗಾತ್ರ ಕೇಳಿತು, ನಾನು ಗಾತ್ರ ಹೇಳಿದೆ. ಆಗ ಅದು ಸಿಕ್ಕಷ್ಟು ಬಿಟ್‌ನಲ್ಲಿ 38 ನಿಮಿಷವನ್ನು ಹೇಗೋ ತುರುಕುತ್ತದೆ. ತುರುಕುವಾಗ ಮೊದಲು ಬಲಿಯಾಗುವುದು ಸಣ್ಣ ವಿವರ ಮತ್ತು ಕತ್ತಲು. ಬಿದ್ರಿಯಲ್ಲಿ ಇರುವುದೇ ಸಣ್ಣ ವಿವರ ಮತ್ತು ಕತ್ತಲು!

ಗಾತ್ರ ಹೇಳಬೇಡಿ, ಗುಣಮಟ್ಟ ಹೇಳಿ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಇದಕ್ಕೆ ಕಾನ್‌ಸ್ಟಂಟ್ ಕ್ವಾಲಿಟಿ ಎಂಬ ಆಯ್ಕೆ ಇದೆ, ಅದರ ಅಳತೆಗೆ ಆರ್‌ಎಫ್ ಎಂದು ಹೆಸರು. ಇದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆರ್‌ಎಫ್ ಇಟ್ಟರೆ ಕಷ್ಟದ ದೃಶ್ಯಕ್ಕೆ ಹೆಚ್ಚು ಬಿಟ್, ಸುಲಭದ ದೃಶ್ಯಕ್ಕೆ ಕಡಿಮೆ ಬಿಟ್ ತಾನಾಗಿ ಹಂಚಿಕೆಯಾಗುತ್ತದೆ. ಕೊನೆಗೆ ಫೈಲ್ ಎಷ್ಟಾಗುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

ಸಂಖ್ಯೆ ಚಿಕ್ಕದಾದಷ್ಟೂ ಗುಣಮಟ್ಟ ಹೆಚ್ಚು. ತಲೆಕೆಳಗಾಗಿ ತಿಳಿದವರು ಬಹಳ ಮಂದಿ. 1080 ಗೆರೆಯ ವಿಡಿಯೊಗೆ 20ರಿಂದ 24, 4ಕೆಗೆ 22ರಿಂದ 28, ಹಳೆಯ ಕ್ಯಾಸೆಟ್ಟಿನಂಥ ಚಿಕ್ಕ ಚಿತ್ರಕ್ಕೆ 18ರಿಂದ 22ರ ನಡುವೆ ಇಡಿ. ಆರು ಅಂಕ ಏರಿಸಿದರೆ ಬಿಟ್‌ರೇಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆರು ಇಳಿಸಿದರೆ ಎರಡರಷ್ಟಾಗುತ್ತದೆ. ಪಕ್ಕದಲ್ಲೇ ಎನ್‌ಕೋಡರ್ ವೇಗದ ಪಟ್ಟಿ ಇದೆ. ಅದನ್ನು ಸ್ಲೋ ಕಡೆಗೆ ಒಂದು ಮೆಟ್ಟಿಲು ಸರಿಸಿದರೆ ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಅದೇ ಜಾಗದಲ್ಲಿ ವಿವರ ಹೆಚ್ಚು ಉಳಿಯುತ್ತದೆ. ಅದರಾಚೆಯ ಅತಿ ನಿಧಾನದ ಮೆಟ್ಟಿಲುಗಳು ಸಮಯವನ್ನು ತಿನ್ನುತ್ತವೆ, ಕೊಡುವುದು ಅತ್ಯಲ್ಪ.

ಕೋಡೆಕ್ ಆಯ್ಕೆಯೂ ಇಲ್ಲೇ. ಎಚ್.264 ಬಂದದ್ದು 2003ರಲ್ಲಿ, ಎಚ್.265 ಬಂದದ್ದು 2013ರಲ್ಲಿ. ಎರಡನೆಯದು ಅದೇ ಗುಣಮಟ್ಟವನ್ನು ಸಾಕಷ್ಟು ಕಡಿಮೆ ಬಿಟ್‌ನಲ್ಲಿ ಕೊಡುತ್ತದೆ, 4ಕೆಯಲ್ಲಂತೂ ಉಳಿತಾಯ ಎದ್ದು ಕಾಣುತ್ತದೆ. ಆದರೆ ಎಲ್ಲ ಟಿವಿಗಳೂ ಅದನ್ನು ಓದುವುದಿಲ್ಲ. ಈ ತೊಡಕಿಗೆ ಮುಂದೆ ಬರುತ್ತೇನೆ.

4ಕೆ ಬೇಕೇ ಎಂದೂ ಕೇಳಿಕೊಳ್ಳಿ. ಮಳಿಗೆಯ ಟಿವಿ 1080ರದು. 4ಕೆಯಲ್ಲಿ ಅದರ ನಾಲ್ಕರಷ್ಟು ಚುಕ್ಕಿಗಳಿರುತ್ತವೆ, ಆ ಟಿವಿ ಅವನ್ನು ತೋರಿಸಲಾರದು. ತೋರಿಸುವ ಪ್ರತಿಯನ್ನು 1080ಕ್ಕೆ ಇಳಿಸಿದೆ. 4ಕೆಯಿಂದ ಇಳಿಸಿದ 1080 ಚಿತ್ರ ಬಲು ಚೊಕ್ಕವಾಗಿ ಬರುತ್ತದೆ, ತಂತಿಯ ಅಂಚು ಕೂಡ.

ಕಪ್ಪು ಮೈಮೇಲೆ ಪಟ್ಟೆ ಪಟ್ಟೆ

ಚೌಕ ಹೋಯಿತು. ಆದರೆ ತಟ್ಟೆಯ ಕಪ್ಪು ಮೈಮೇಲೆ ಕಿಟಕಿಯ ಬೆಳಕು ಮೆಲ್ಲಗೆ ಇಳಿಯುವ ಕಡೆ, ನೀರಿನ ಮಟ್ಟ ಇಳಿದ ಕೆರೆಯ ದಂಡೆಯಂತೆ ಪಟ್ಟೆಗಳು ಬಿದ್ದಿದ್ದವು. ಇದಕ್ಕೆ ಆರ್‌ಎಫ್ ಒಂದೇ ಕಾರಣವಲ್ಲ. ಸಾಮಾನ್ಯ ವಿಡಿಯೊ 8 ಬಿಟ್‌ನದು, ಕಪ್ಪಿನಿಂದ ಬಿಳುಪಿಗೆ ಅದರಲ್ಲಿ ಹೆಚ್ಚೆಂದರೆ 256 ಮೆಟ್ಟಿಲು. ಕಡುಗಪ್ಪಿನಿಂದ ಸ್ವಲ್ಪ ಕಡಿಮೆ ಕಪ್ಪಿಗೆ ಹೋಗುವ ಉದ್ದನೆಯ ದಾರಿಗೆ ಅವುಗಳಲ್ಲಿ ನಾಲ್ಕೋ ಐದೋ ಮಾತ್ರ ಸಿಗುತ್ತವೆ. ಅದರ ಮೇಲೆ ಕೋಡೆಕ್ ಕತ್ತಲಲ್ಲಿನ ಸಣ್ಣ ವ್ಯತ್ಯಾಸಗಳನ್ನು ಸವರಿ ಹಾಕುತ್ತದೆ. ಮೆಟ್ಟಿಲು ಎದ್ದು ಕಾಣುತ್ತವೆ.

ಎನ್‌ಕೋಡರ್ ಪಟ್ಟಿಯಲ್ಲಿ ಎಚ್.265 10 ಬಿಟ್ ಆರಿಸಿಕೊಳ್ಳಿ. ಅದರಲ್ಲಿ 1024 ಮೆಟ್ಟಿಲು. ಮೂಲ 8 ಬಿಟ್ ಆಗಿದ್ದರೂ ಉಪಯೋಗವಿದೆ, ಲೆಕ್ಕದ ನಡುವೆ ಆಗುವ ಒಡಕು ಕಡಿಮೆಯಾಗುತ್ತದೆ. ಆರ್‌ಎಫ್ 20, 1080 ಗೆರೆ, 10 ಬಿಟ್ ಇಟ್ಟು ಮಾಡಿದ ಪ್ರತಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್‌ಗೆ ಬಂತು, ಗಾತ್ರ 1.4 ಜಿಬಿ. ಪಟ್ಟೆ ಹೋಯಿತು, ತಂತಿ ಬಂತು. 28.5 ಎಲ್ಲಿ, 1.4 ಎಲ್ಲಿ! ಕಪ್ಪು ಕಂಬಳಿ, ಸಂಜೆಯ ಆಕಾಶ, ಕೋಟೆಯ ಒಳಗಿನ ಕತ್ತಲ ಮೊಗಸಾಲೆ, ಇಂಥ ಯಾವುದಿದ್ದರೂ ಇದೇ ಮದ್ದು.

ಇಳಿಸಲು ಹೋದರೆ ಫೈಲ್ ಇನ್ನೂ ದೊಡ್ಡದಾಯಿತು

ಯಾದಗಿರಿಯ ಗೆಳೆಯರೊಬ್ಬರು ಭೀಮಾ ನದಿಯ ಡ್ರೋನ್ ದೃಶ್ಯದೊಂದಿಗೆ ಈ ದೂರು ತಂದರು. ಚೆನ್ನಾಗಿ ಬರಲಿ ಎಂದು ಆರ್‌ಎಫ್ ಅನ್ನು ಸೊನ್ನೆಗೆ ಎಳೆದಿದ್ದರು. 8 ಬಿಟ್ ಎಚ್.264ರಲ್ಲಿ ಸೊನ್ನೆ ಎಂದರೆ ಏನನ್ನೂ ಬಿಡದೆ ಬರೆಯುವುದು. ಮೂಲ ಫೈಲೇ ಆಗ ಚಿಕ್ಕದಾಗಿ ಕಾಣುತ್ತದೆ. 22ಕ್ಕೆ ತಂದ ಮೇಲೆ ಸರಿಹೋಯಿತು. ಆದರೂ ಅವರ ಫೈಲ್ ನನ್ನದರಷ್ಟು ಇಳಿಯಲಿಲ್ಲ, ಇಳಿಯುವುದೂ ಇಲ್ಲ. ಹರಿಯುವ ನೀರಿನಲ್ಲಿ ಪ್ರತಿ ಫ್ರೇಮಿನ ಪ್ರತಿ ಚುಕ್ಕಿಯೂ ಬದಲಾಗುತ್ತದೆ, ಉಳಿಸಲು ಕೋಡೆಕ್‌ಗೆ ಜಾಗವೇ ಇಲ್ಲ. ಗಾಳಿಗೆ ತೂಗುವ ಜೋಳದ ಹೊಲ, ಮದುವೆಯಲ್ಲಿ ಎರಚುವ ಅಕ್ಷತೆ, ಕೈಯಲ್ಲಿ ಹಿಡಿದು ನಡುಗಿಸಿದ ಕ್ಯಾಮೆರಾ, ಎಲ್ಲದರದ್ದೂ ಇದೇ ಕಥೆ. ಇನ್ನೊಬ್ಬರ ಫೈಲಿಗೆ ಹೋಲಿಸಿ ನಿಮ್ಮದು ದೊಡ್ಡದು ಎಂದು ಕೊರಗಬೇಡಿ.

ರಾತ್ರಿ ತೆಗೆದ ವಿಡಿಯೊದಲ್ಲಿ ಕಣ್ಣಿಗೆ ಕಾಣುವ ಕಾಳುಕಾಳು ಗದ್ದಲವೂ ಇಂಥದೇ. ಕೋಡೆಕ್ ಅದನ್ನೂ ವಿವರವೆಂದು ಎಣಿಸಿ ಬಿಟ್ ಸುರಿಯುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ಪುಟದಲ್ಲಿ ಡಿನಾಯ್ಸ್ ಇದೆ, ಅದರಲ್ಲಿ ಎನ್‌ಎಲ್‌ಮೀನ್ಸ್ ಆರಿಸಿ ತೀರ ಹಗುರ ಮಟ್ಟದಲ್ಲಿ ಇಟ್ಟರೆ ಫೈಲ್ ಚೆನ್ನಾಗಿ ಇಳಿಯುತ್ತದೆ. ಬಹಳ ನಿಧಾನ, ಅದು ಬೇರೆ ಮಾತು. ಬಿದ್ರಿಗೆ ನಾನು ಇದನ್ನು ಮುಟ್ಟಲಿಲ್ಲ. ಉಳಿಯ ಗೀರು ಯಾವುದು, ಗದ್ದಲ ಯಾವುದು ಎಂದು ಫಿಲ್ಟರಿಗೆ ತಿಳಿಯದು.

ಚಲನೆ ಕುಂಟುತ್ತದೆ, ಬಾಚಣಿಗೆ ಹಲ್ಲು ಕಾಣುತ್ತದೆ

ಸುತ್ತಿಗೆ ಏಟು ಬೀಳುವಾಗ ಚಿತ್ರ ತಡವರಿಸುತ್ತಿತ್ತು. ಚೀಟಿ ನೋಡಿದೆ: ಮೂಲದಲ್ಲಿ ಸೆಕೆಂಡಿಗೆ 50 ಫ್ರೇಮ್. ಹ್ಯಾಂಡ್‌ಬ್ರೇಕ್ ತೆರೆದ ಕೂಡಲೇ ಬರುವ ಸಿದ್ಧ ಆಯ್ಕೆ 1080ಪಿ30, ಅಂದರೆ 30ಕ್ಕಿಂತ ಹೆಚ್ಚು ಫ್ರೇಮ್ ಬಿಡುವುದಿಲ್ಲ. ಐವತ್ತರಲ್ಲಿ ಮೂವತ್ತು ಆರಿಸುವಾಗ ಹೆಜ್ಜೆ ಸಮವಾಗಿ ಬೀಳದು. ವಿಡಿಯೊ ಪುಟದ ಫ್ರೇಮ್‌ರೇಟ್ ಜಾಗದಲ್ಲಿ ಸೇಮ್ ಆ್ಯಸ್ ಸೋರ್ಸ್ ಇಡಿ. ಫೋನಿನ ವಿಡಿಯೊ ಆಗಿದ್ದು, ಮುಂದೆ ಎಡಿಟಿಂಗ್‌ಗೆ ಹೋಗುವುದಿದ್ದರೆ ಅಲ್ಲೇ ಕಾನ್‌ಸ್ಟಂಟ್ ಎಂಬುದನ್ನೂ ಆರಿಸಿ. ಫೋನುಗಳು ಫ್ರೇಮಿನ ವೇಗವನ್ನು ಏರಿಳಿಸುತ್ತ ಬರೆಯುತ್ತವೆ, ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಅದರಿಂದ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ.

ಕಲಬುರಗಿಯ ಅಕ್ಕನ ಮನೆಯಲ್ಲಿ ಶರಣಬಸವೇಶ್ವರ ಜಾತ್ರೆಯ ಹಳೆಯ ಮಿನಿಡಿವಿ ಕ್ಯಾಸೆಟ್ ಇದ್ದವು. ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ. ತೇರು ಅಲುಗಿದ ಕೂಡಲೇ ಅಂಚಿನಲ್ಲಿ ಬಾಚಣಿಗೆ ಹಲ್ಲು. ಆ ಕಾಲದ ಕ್ಯಾಮೆರಾ ಒಂದು ಫ್ರೇಮನ್ನು ಬೆಸ ಗೆರೆ, ಸರಿ ಗೆರೆ ಎಂದು ಎರಡು ಸಲಕ್ಕೆ ತೆಗೆಯುತ್ತಿತ್ತು. ಎರಡರ ನಡುವೆ ತೇರು ಸ್ವಲ್ಪ ಮುಂದೆ ಹೋಗಿರುತ್ತದೆ. ಡಿಇಂಟರ್‌ಲೇಸ್ ಫಿಲ್ಟರನ್ನು ಬಾಬ್ ಸ್ಥಿತಿಯಲ್ಲಿ ಹಾಕಿದರೆ 25 ಫ್ರೇಮ್ 50 ಆಗಿ ಚಲನೆ ನುಣುಪಾಗುತ್ತದೆ. ಹಲ್ಲನ್ನು ಹಾಗೇ ಬಿಟ್ಟು ಎನ್‌ಕೋಡ್ ಮಾಡಿದರೆ ಅವು ಚಿತ್ರದೊಳಗೇ ಬೆಂದು ಕೂರುತ್ತವೆ, ಆಮೇಲೆ ತೆಗೆಯುವುದು ಬಲು ಕಷ್ಟ. ಮೇಲಾಗಿ ಆ ಹಲ್ಲುಗಳಿಗೇ ಬಿಟ್ ಪೋಲಾಗುತ್ತದೆ. ಈ ಚಿಕ್ಕ ಚಿತ್ರವನ್ನು 1080ಕ್ಕೆ ಹಿಗ್ಗಿಸಲು ಹೋಗಬೇಡಿ, ಇಲ್ಲದ ವಿವರ ಬರುವುದಿಲ್ಲ.

ಪೆನ್‌ಡ್ರೈವ್ ಒಪ್ಪುವುದಿಲ್ಲ, ಟಿವಿ ಓದುವುದಿಲ್ಲ

ಅದೇ ಅಕ್ಕ ಫೋನ್ ಮಾಡಿ, "ತಮ್ಮಾ, ಪೆನ್‌ಡ್ರೈವ್‌ನ್ಯಾಗ 32 ಜಿಬಿ ಖಾಲಿ ಅದ, 5 ಜಿಬಿ ಫೈಲ್ ಹೋಗವಲ್ದು ನೋಡು" ಅಂದಳು. ಇಲ್ಲಿ ವಿಡಿಯೊದ ತಪ್ಪೇನಿಲ್ಲ. ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್ 4 ಜಿಬಿಗಿಂತ ದೊಡ್ಡ ಒಂಟಿ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಒಳಗಿನದನ್ನು ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು. ಆದರೆ ಕೆಲವು ಹಳೆಯ ಟಿವಿಗಳಿಗೆ ಎಕ್ಸ್‌ಫ್ಯಾಟ್ ತಿಳಿಯದು, ಆಗ ಫೈಲನ್ನೇ 4 ಜಿಬಿಯೊಳಗೆ ತರಬೇಕು.

ನನ್ನ 1.4 ಜಿಬಿ ಪ್ರತಿಯನ್ನು ಮಳಿಗೆಯ ಟಿವಿಗೆ ಹಾಕಿದಾಗ ಸುತ್ತಿಗೆಯ ಸದ್ದು ಕೇಳಿತು, ಚಿತ್ರ ಬರಲಿಲ್ಲ. ಹೆಸರಿನ ಕೊನೆಯಲ್ಲಿ ಎಂಪಿ4 ಎಂದೇ ಇತ್ತು. ಎಂಪಿ4 ಎಂಬುದು ಡಬ್ಬಿ ಮಾತ್ರ. ಒಳಗಿದ್ದ ಎಚ್.265 10 ಬಿಟ್ ಆ ಟಿವಿಗೆ ಅರ್ಥವಾಗಲಿಲ್ಲ. ಟಿವಿಗೆಂದೇ ಇನ್ನೊಂದು ಪ್ರತಿಯನ್ನು ಎಚ್.264 8 ಬಿಟ್‌ನಲ್ಲಿ ಮಾಡಿದೆ, ಕಪ್ಪಿನ ಪಟ್ಟೆ ಮರಳಿ ಬರದಿರಲಿ ಎಂದು ಆರ್‌ಎಫ್ 18ಕ್ಕೆ ಇಳಿಸಿದೆ. ಸುಮಾರು 9 ಮೆಗಾಬಿಟ್, 2.5 ಜಿಬಿ ಆಯಿತು. ಎರಡೂ ಪ್ರತಿಯನ್ನು ಕ್ಯಾಮೆರಾದ ಮೂಲದಿಂದಲೇ ಮಾಡಿ. ಒಂದು ಪ್ರತಿಯಿಂದ ಇನ್ನೊಂದು ಪ್ರತಿ ತೆಗೆದರೆ ಪ್ರತಿ ಸಲವೂ ಒಂದೊಂದು ಪದರ ಸವೆಯುತ್ತದೆ.

ಧ್ವನಿಯ ಬಗ್ಗೆ ಒಂದೇ ಮಾತು. ಕ್ಯಾಮೆರಾ ಅದನ್ನು ಪಿಸಿಎಂ, ಅಂದರೆ ಒತ್ತದೆ ಇದ್ದಂತೆಯೇ, ಬರೆದಿದ್ದರೆ ಧ್ವನಿಯೊಂದೇ ಗಂಟೆಗೆ 690 ಎಂಬಿ ತಿನ್ನುತ್ತದೆ. ಒತ್ತಿ ಬರೆಯುವ ಎಎಸಿ ಬಗೆಯಲ್ಲಿ ಸೆಕೆಂಡಿಗೆ 160 ಕಿಲೋಬಿಟ್‌ಗೆ ತಂದರೆ 72 ಎಂಬಿ.

ಅರ್ಧಕ್ಕೆ ನಿಂತಿತು

ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳು ಎಂಥದೆಂದು ಹೇಳಬೇಕಿಲ್ಲ. 40 ಡಿಗ್ರಿ ದಾಟಿದ ಮಧ್ಯಾಹ್ನ ಲ್ಯಾಪ್‌ಟಾಪ್‌ನಲ್ಲಿ ಎನ್‌ಕೋಡ್ ಹಚ್ಚಿದರೆ ಪ್ರೊಸೆಸರ್ ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚುರುಕಾಗಿದ್ದು ಆಮೇಲೆ ತೆವಳಿದರೆ ಇದೇ ಕಾರಣ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ, ಕೆಳಗಿನ ಗಾಳಿಕಂಡಿ ಮುಚ್ಚುತ್ತದೆ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದರೆ ಅದರ ಮೇಲೆ ನಾಲ್ಕು ಮೂಲೆಗೂ ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿ, ರಾತ್ರಿ ಊಟದ ನಂತರ ಶುರು ಮಾಡಿ. ನಾನು ಈಗಲೂ ಹೀಗೇ ಮಾಡುತ್ತೇನೆ.

ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ ಎಂಪಿ4 ಫೈಲ್ ನೂರಕ್ಕೆ 90 ಭಾಗ ಆಗಿದ್ದರೂ ತೆರೆಯುವುದಿಲ್ಲ. ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿ ಅದರಲ್ಲಿ ಕೊನೆಗೆ ಬರೆಯಲ್ಪಡುತ್ತದೆ. ಕರೆಂಟಿನ ಭರವಸೆ ಇಲ್ಲದ ಊರಲ್ಲಿ ಎಂಕೆವಿ ಡಬ್ಬಿ ಆರಿಸಿ, ನಿಂತ ಜಾಗದವರೆಗೆ ಅದು ಸಾಮಾನ್ಯವಾಗಿ ಓಡುತ್ತದೆ.

ಅವಸರವಿದ್ದರೆ ಗ್ರಾಫಿಕ್ಸ್ ಚಿಪ್‌ನ ಎನ್‌ಕೋಡರ್ ಬಳಸಬಹುದು, ಹ್ಯಾಂಡ್‌ಬ್ರೇಕ್ ಪಟ್ಟಿಯಲ್ಲಿ ಎನ್‌ವೆಂಕ್, ಕ್ವಿಕ್‌ಸಿಂಕ್ ಎಂದು ಕಾಣುತ್ತದೆ. ಹಲವು ಪಟ್ಟು ವೇಗ. ಆದರೆ ಅದೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತದೆ. ಮದುವೆ ಮನೆಯವರು ನಾಳೆಯೇ ಕೇಳಿದರೆ ಅದು ಸರಿ, ಬಹುಕಾಲ ಉಳಿಸುವ ಪ್ರತಿಗೆ ಬೇಡ.

ಪೂರ್ತಿ ಹಚ್ಚುವ ಮುನ್ನ

ಇಡೀ ಫೈಲ್ ಮಾಡಿ ಬೆಳಿಗ್ಗೆ ಎದ್ದು ಪಶ್ಚಾತ್ತಾಪ ಪಡುವುದು ಬೇಡ. ಹ್ಯಾಂಡ್‌ಬ್ರೇಕ್‌ನಲ್ಲಿ ರೇಂಜ್ ಎಂಬ ಜಾಗವಿದೆ, ಅಲ್ಲಿ ಸೆಕೆಂಡ್ಸ್ ಆರಿಸಿ ಅತಿ ಕಷ್ಟದ 30 ಸೆಕೆಂಡ್ ಮಾತ್ರ ತೆಗೆಯಿರಿ. ನನಗೆ ಅದು ಮಣ್ಣು ತೊಳೆದು ತಟ್ಟೆ ಮೇಲೆತ್ತುವ ಗಳಿಗೆ: ಕಪ್ಪು, ಬೆಳ್ಳಿ, ಹರಿಯುವ ನೀರು ಮೂರೂ ಒಟ್ಟಿಗೆ. ಅದನ್ನು 18, 20, 22, 24 ಎಂದು ನಾಲ್ಕು ಸಲ ಮಾಡಿ, ದೀಪ ಆರಿಸಿ, ದೊಡ್ಡ ಪರದೆಯಲ್ಲಿ ಒಂದೇ ಫ್ರೇಮಿಗೆ ನಿಲ್ಲಿಸಿ ನೋಡಿ. ಫೋನಿನಲ್ಲಿ ನೋಡಿ ತೀರ್ಮಾನಿಸಬೇಡಿ, ಚಿಕ್ಕ ಪರದೆ ಎಲ್ಲ ತಪ್ಪನ್ನೂ ಮುಚ್ಚುತ್ತದೆ. ವ್ಯತ್ಯಾಸ ಕಾಣತೊಡಗಿದ ಅಂಕಕ್ಕಿಂತ ಒಂದೆರಡು ಕಡಿಮೆ ಇಟ್ಟುಕೊಳ್ಳಿ. 28.5 ಜಿಬಿಯ ಮೂಲವನ್ನು ನಾನು ಅಳಿಸಿಲ್ಲ, ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇದೆ.

ಹೊಸ ಪ್ರತಿಯನ್ನು ಚಾಚಾ ಅವರ ಟಿವಿಗೆ ಹಾಕಿದ ದಿನ ಅವರು 23ನೇ ನಿಮಿಷದಲ್ಲಿ ಕೈಯೆತ್ತಿ ನಿಲ್ಲಿಸು ಅಂದರು. ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಹೋಗಿ, ಬಳ್ಳಿಯ ಒಂದು ಎಲೆಯ ತುದಿಗೆ ಬೆರಳಿಟ್ಟರು. "ಈ ತಾರ್ ಒಂದೀಟು ಎದ್ದದ ನೋಡು ಬೇಟಾ. ಇನ್ನೊಂದ್ ಏಟು ಹೊಡೀಬೇಕಿತ್ತು ನಾ."